ಮೊಟ್ಟೆ ಹಾಕದ ಬೇಕರಿಯೂ ಮದುವೆ ಕೇಕಿನ ಕೇಸೂ

ಬೇಕರಿ ವಿಷಯದಲ್ಲಿ ಹಾಸನದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳ ಬೇರು ಹುಡುಕುತ್ತಾ ಹೋದರೆ ಹಾಸನ ಜಿಲ್ಲೆಯ ಊರುಗಳಿಗೇ ಬಂದು ಮುಟ್ಟುತ್ತೀರಿ. ಅಂಥ ಹಳೇ ಬೇಕರಿಯಲ್ಲಿ ‘ಮೊಟ್ಟೆ ಹಾಕಿ ಒಂದು ಕೆಜಿ ಕೇಕ್ ಮಾಡಿಕೊಡಿ’ ಅಂದರೆ ‘ನಾವು ಮೊಟ್ಟೆ ಹಾಕಲ್ಲ ಸಾರ್’ ಅನ್ನುತ್ತಾರೆ. ಕೇಳಿದವರು ಗೌಡರಾಗಲಿ, ಕ್ರೈಸ್ತರಾಗಲಿ, ಮುಸ್ಲಿಮರಾಗಲಿ, ಉತ್ತರ ಅದೇ. ಯಾರಿಗೂ ಬೇಜಾರಿಲ್ಲ. ಆದರೆ ಅದೇ ಅಂಗಡಿಯವರು ಗಾಜಿನ ಪೆಟ್ಟಿಗೆಯಲ್ಲಿರುವ ದಿಲ್‌ಪಸಂದ್ ತೋರಿಸಿ ‘ಇದು ಎಲ್ಲರಿಗೂ ಇದೆ, ನಿಮಗೆ ಮಾತ್ರ ಇಲ್ಲ’ ಅಂದರೆ ಅದನ್ನು ಮಡಿ ಅಂತ ಯಾರು ಒಪ್ಪುತ್ತಾರೆ?

ಸಲಿಂಗ ಮದುವೆಯ ಕೇಕು ಮಾಡೆವು ಎಂದ ಬೇಕರಿಗಳ ಕೇಸುಗಳಲ್ಲಿ ಅಮೆರಿಕ, ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ನಾನಿರುವ ಅಮೆರಿಕದ ಈ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ತಲುಪುವ ಹೊತ್ತಿಗೆ ‘ಕ್ರೈಸ್ತ ಬೇಕರಿಯವನನ್ನು ಸಲಿಂಗಿಗಳು ಕೋರ್ಟಿಗೆ ಎಳೆದರಂತೆ’ ಅನ್ನುವಷ್ಟೇ ಉಳಿದಿರುತ್ತದೆ. ಯಾರು ಗೆದ್ದರು, ಯಾಕೆ ಗೆದ್ದರು ಅನ್ನುವುದು ದಾರಿಯಲ್ಲೇ ಸೋರಿಹೋಗಿರುತ್ತದೆ.

ಮೊದಲು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಕೇಸು ನೋಡಿ, ಅದು ಸಲೀಸು. 2014ರಲ್ಲಿ ಅಲ್ಲಿನ ಆಶರ್ಸ್ ಬೇಕರಿಗೆ ಒಬ್ಬರು ‘ಸಲಿಂಗ ಮದುವೆಯನ್ನು ಬೆಂಬಲಿಸಿ’ ಎಂದು ಬರೆದ ಕೇಕಿಗೆ 36 ಪೌಂಡ್ 50 ಪೆನ್ಸ್ ಕಟ್ಟಿದರು. ಮಾಲೀಕರು ಕಟ್ಟಾ ಕ್ರೈಸ್ತರು. ಆಮೇಲೆ ಆಗುವುದಿಲ್ಲ ಅಂದು ದುಡ್ಡು ವಾಪಸ್ ಕೊಟ್ಟರು. 2018ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರೂ ಒಂದೇ ಮಾತು ಹೇಳಿದರು: ಆ ಘೋಷಣೆಯನ್ನು ಅವರು ಯಾರು ಕೇಳಿದ್ದರೂ ಬರೆಯುತ್ತಿರಲಿಲ್ಲ, ಹಾಗಾಗಿ ಇದು ಗಿರಾಕಿಗೆ ಮಾಡಿದ ತಾರತಮ್ಯ ಅಲ್ಲ. ಪಕ್ಕಾ ನಮ್ಮ ಮೊಟ್ಟೆ ನ್ಯಾಯ.

ಅಮೆರಿಕದ ಕೊಲೊರಾಡೊ ರಾಜ್ಯದ ಮಾಸ್ಟರ್‌ಪೀಸ್ ಕೇಕ್‌ಶಾಪ್ ಕೇಸು ಅಷ್ಟು ಸುಲಭದ್ದಲ್ಲ. 2012ರಲ್ಲಿ ಇಬ್ಬರು ಗಂಡಸರು ತಮ್ಮ ಮದುವೆಗೆ ಕೇಕ್ ಕೇಳಿದರು. ಮೇಲೆ ಏನು ಬರೆಯಬೇಕು, ಯಾವ ಬಣ್ಣ, ಎಷ್ಟು ಅಂತಸ್ತು ಅನ್ನುವ ಮಾತು ಬರುವ ಮೊದಲೇ ಅಂಗಡಿಯ ಕ್ರೈಸ್ತ ಮಾಲೀಕ ಜಾಕ್ ಫಿಲಿಪ್ಸ್ ಇಲ್ಲ ಅಂದರು. ಬೇರೆ ತಿಂಡಿ ಬೇಕಾದರೆ ಕೊಡುತ್ತೇನೆ, ಈ ಮದುವೆಗೆ ಕೇಕ್ ಮಾತ್ರ ಮಾಡಲಾರೆ ಅಂದರು. 2018ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 7–2ರಲ್ಲಿ ಗೆದ್ದವರು ಅವರೇ. ಆದರೆ ಗೆದ್ದ ಕಾರಣ ಬೇರೆ. ದೂರು ಕೇಳಿದ ರಾಜ್ಯ ಆಯೋಗದಲ್ಲಿ ಅವರ ನಂಬಿಕೆಯನ್ನು ಹೀಗಳೆಯುವ ಮಾತು ಬಂದಿತ್ತು, ಸಲಿಂಗಿಗಳ ವಿರುದ್ಧದ ಬರಹ ಬರೆಯೆವು ಎಂದ ಬೇರೆ ಬೇಕರಿಗಳನ್ನು ಅದೇ ಆಯೋಗ ಸುಮ್ಮನೆ ಬಿಟ್ಟಿತ್ತು. ಮೂಲ ಪ್ರಶ್ನೆಯನ್ನು ಕೋರ್ಟು ಮುಟ್ಟಲೇ ಇಲ್ಲ. 2023ರಲ್ಲಿ ‘303 ಕ್ರಿಯೇಟಿವ್’ ಎಂಬ ವೆಬ್‌ಸೈಟ್ ಸಂಸ್ಥೆಯ ಕೇಸಿನಲ್ಲಿ ಅದೇ ಕೋರ್ಟಿನ 6–3ರ ಬಹುಮತ, ವೆಬ್‌ಸೈಟ್ ರೂಪಿಸುವವರಿಂದ ಅವರು ಒಪ್ಪದ ಮಾತನ್ನು ಸರ್ಕಾರ ಬರೆಸುವಂತಿಲ್ಲ ಅಂದಿತು. ಅಲ್ಲಿಗೆ ಬರಹಕ್ಕೆ ಒಂದು ದಾರಿಯಾಯಿತು. ಏನೂ ಬರೆಯದ ಬಿಳಿ ಕೇಕೂ ಬರಹವೇ? ನನ್ನ ಮಟ್ಟಿಗೆ ಅದು ದಿಲ್‌ಪಸಂದ್ ಪೆಟ್ಟಿಗೆಗೆ ಸೇರಿದ್ದು.

ಸರ್ಕಾರಿ ಕೌಂಟರಿನಲ್ಲಿ ಮಾತ್ರ ಈ ಚೌಕಾಸಿ ನಡೆಯುವುದಿಲ್ಲ. 2015ರ ಜೂನ್‌ನಲ್ಲಿ ಸಲಿಂಗ ಮದುವೆ ಅಮೆರಿಕದಾದ್ಯಂತ ಕಾನೂನಾದಾಗ ಕೆಂಟಕಿಯ ರೋವನ್ ಕೌಂಟಿಯ ಗುಮಾಸ್ತೆ ಕಿಮ್ ಡೇವಿಸ್ ಯಾರಿಗೂ ಮದುವೆಯ ಲೈಸೆನ್ಸ್ ಕೊಡುವುದಿಲ್ಲ ಎಂದು ಕೂತರು. ಯಾರಿಗೂ ಕೊಡದಿದ್ದರೆ ಮೊಟ್ಟೆ ನ್ಯಾಯ ಅವರಿಗೂ ಸಲ್ಲಬೇಕಲ್ಲವೇ ಅಂತ ಕೇಳಬಹುದು. ಸಲ್ಲದು, ಅಂಗಡಿ ಅವರದಲ್ಲ. ಐದು ದಿನ ಜೈಲಾಯಿತು, ಅಷ್ಟರಲ್ಲಿ ಸಹಾಯಕರು ಲೈಸೆನ್ಸ್ ಕೊಡತೊಡಗಿದರು. ಜಗಳ ಬಗೆಹರಿದದ್ದು ಮಾತ್ರ ಒಂದು ಫಾರಂನಿಂದ: 2016ರಲ್ಲಿ ಕೆಂಟಕಿ ಲೈಸೆನ್ಸ್ ಹಾಳೆಯಿಂದ ಗುಮಾಸ್ತರ ಹೆಸರನ್ನೇ ತೆಗೆದುಹಾಕಿತು. ‘ನನ್ನ ಹೆಸರಲ್ಲಿ ಈ ಮದುವೆ ಬೇಡ’ ಅನ್ನುವವರಿಗೆ ದಾರಿ ಸಿಕ್ಕಿತು, ಮದುವೆಯಾಗುವವರಿಗೆ ಕಾಗದ ಸಿಕ್ಕಿತು. ಇಷ್ಟಕ್ಕೆ ಜೈಲು ಬೇಕಿತ್ತೇ!

ಈಗ ಊರಿಗೆ ಬರೋಣ. ನಮ್ಮಲ್ಲಿ ಇಂಥ ಕೇಸೇ ಇಲ್ಲ, ನಮ್ಮವರು ಸಹಿಷ್ಣುಗಳು ಅಂತ ಹೊರನಾಡಿನ ಕೂಟಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಕೇಸು ಇಲ್ಲದಿರುವುದಕ್ಕೆ ಕಾರಣ ಬೇರೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲಿಗೂ ಅನ್ವಯಿಸುತ್ತದೆ, ಲಿಂಗ ತಾರತಮ್ಯದಲ್ಲಿ ಲೈಂಗಿಕ ಒಲವೂ ಸೇರುತ್ತದೆ ಎಂಬ ಮಾತು ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ಕುರಿತ 2018ರ ಸೆಪ್ಟೆಂಬರ್ 6ರ ತೀರ್ಪಿನಲ್ಲಿದೆ. ಆದರೆ ಕೊಲೊರಾಡೊದ ಹಾಗೆ ಅಂಗಡಿಯವರ ಮೇಲೆ ದೂರು ಕೊಡುವ ಆಯೋಗವಿಲ್ಲ, ಅದಕ್ಕೊಂದು ಪ್ರತ್ಯೇಕ ಕಾಯ್ದೆಯಿಲ್ಲ. ಜಗಳ ಕೌಂಟರಿಗೆ ಬರುವುದಿಲ್ಲ, ಮನೆಯ ಒಳಕೋಣೆಯಲ್ಲೇ ಮುಗಿದುಹೋಗುತ್ತದೆ.

ಆ 377ರ ಕೇಸಿನಲ್ಲಿ ಸೆಕ್ಷನ್ ಉಳಿಯಬೇಕೆಂದು ವಾದಿಸಿದವರಲ್ಲಿ ಅಪೋಸ್ಟಾಲಿಕ್ ಅಲಯನ್ಸ್ ಆಫ್ ಚರ್ಚಸ್, ಉತ್ಕಲ ಕ್ರಿಶ್ಚಿಯನ್ ಅಸೋಸಿಯೇಷನ್ ಇದ್ದವು. ಎಲ್ಲ ಕ್ರೈಸ್ತರ ನಿಲುವೂ ಅದೇ ಅಂದುಕೊಂಡರೆ ತಪ್ಪು. ಕಥೋಲಿಕರ ಧರ್ಮೋಪದೇಶ ಗ್ರಂಥದ 2357ನೇ ಪರಿಚ್ಛೇದ ಸಲಿಂಗ ಕ್ರಿಯೆಯನ್ನು ಒಪ್ಪುವುದಿಲ್ಲ. ಮರುಪರಿಚ್ಛೇದವೇ ಅಂಥವರನ್ನು ಗೌರವದಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಕೂಡದು ಅನ್ನುತ್ತದೆ. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದರು. ಪಾಪ ಪಾಪನಿವೇದನೆಯ ಪೀಠಕ್ಕೆ, ಅಪರಾಧ ಪೊಲೀಸ್ ಠಾಣೆಗೆ. ಎರಡನ್ನೂ ಕಲಸುವವರು ಪಂಗಡ ಯಾವುದೇ ಇರಲಿ, ಸಿಗುತ್ತಾರೆ.

ಹಾಸನ, ಚಿಕ್ಕಮಗಳೂರಿನ ಯಾವ ಫಾದರ್‌ಗೂ ಇಂಥ ಮದುವೆ ಮಾಡಿಸಿ ಎಂದು ಯಾರೂ ಒತ್ತಾಯಿಸುವಂತಿಲ್ಲ, ಅಮೆರಿಕದಲ್ಲೂ ಹಾಗೇ. ಕಥೋಲಿಕ ಕಾನೂನಿನಲ್ಲಿ ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು. ತೊಡಕಾಗುವುದು ಬಾಡಿಗೆಗೆ ಕೊಡುವ ಸಭಾಂಗಣದಲ್ಲಿ. ನ್ಯೂಜೆರ್ಸಿಯ ಓಷನ್ ಗ್ರೋವ್‌ನಲ್ಲಿ ಮೆಥಡಿಸ್ಟ್ ಸಂಸ್ಥೆಯೊಂದು ಸಮುದ್ರದಂಡೆಯ ಮಂಟಪವನ್ನು ಎಲ್ಲರಿಗೂ ಬಾಡಿಗೆಗೆ ಕೊಡುತ್ತಿತ್ತು. ಸಾರ್ವಜನಿಕರಿಗೆ ತೆರೆದಿದೆ ಎಂಬ ಷರತ್ತಿನ ಮೇಲೆ ತೆರಿಗೆ ವಿನಾಯಿತಿಯನ್ನೂ ಪಡೆದಿತ್ತು. 2007ರಲ್ಲಿ ಇಬ್ಬರು ಹೆಂಗಸರ ಸಮಾರಂಭಕ್ಕೆ ಇಲ್ಲ ಅಂದಿತು. ಮಂಟಪದ ವಿನಾಯಿತಿ ಹೋಯಿತು, 2012ರಲ್ಲಿ ತೀರ್ಪೂ ವಿರುದ್ಧವಾಯಿತು. ಆರಾಧನೆಯ ಸ್ಥಳವನ್ನು ಯಾರೂ ಮುಟ್ಟಲಿಲ್ಲ. ಸಭಾಂಗಣ ಚರ್ಚಿನ ಸಭೆಯವರಿಗೆ ಮಾತ್ರವೋ ಊರಿಗೆಲ್ಲವೋ ಎಂದು ಮೊದಲೇ ತೀರ್ಮಾನಿಸಿ ಬೋರ್ಡು ಹಾಕುವುದು ಒಳ್ಳೆಯದು. ವಿನಾಯಿತಿ ಮಾತ್ರ ಊರಿನದು, ನಿಯಮ ನಮ್ಮದು ಅಂದರೆ ನಡೆಯದು.

ಸಲಿಂಗಿಗಳಿಗೆ ಮದುವೆಯ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಕೊಡಲಿಲ್ಲ. ಕೊಟ್ಟಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನ ಮೇಲೆ ಹೆಸರು, ವಯಸ್ಸು, ಕಸುಬು, ವಿಳಾಸ ಬರೆದ ಹಾಳೆ 30 ದಿನ ಅಂಟಿಕೊಂಡಿರುವ ವಿಶೇಷ ವಿವಾಹ ಕಾಯ್ದೆಯ ಪದ್ಧತಿ ಹಾಗೇ ಇರುತ್ತಿತ್ತು. ಜಾತಿ ಮೀರಿ ಮದುವೆಯಾದವರನ್ನು ಕೇಳಿ, ಚಿಕ್ಕ ಊರಿನಲ್ಲಿ ಆ ಹಾಳೆಯನ್ನು ಮೊದಲು ಯಾರು ಓದುತ್ತಾರೆ ಅಂತ.

ಇದ್ದುದರಲ್ಲಿ ಸಿಗುವುದು ಸಣ್ಣಸಣ್ಣ ಕಾಗದಗಳು. ಜೊತೆಗಾರರೊಂದಿಗೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅವರನ್ನು ನಾಮಿನಿ ಮಾಡಲು ತಡೆಯಿಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಸಲಿಂಗಿಗಳನ್ನು ‘ಬದಲಾಯಿಸುವ’ ಚಿಕಿತ್ಸೆಯನ್ನು ವೈದ್ಯರ ವೃತ್ತಿದೋಷ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆ ಮಾತು ಮಿಷನ್ ಆಸ್ಪತ್ರೆಯ ವೈದ್ಯರಿಗೂ ಸೇರಿದ್ದು. ತಾನಾಗಿ ಕೇಳಿದವರಿಗೆ ಪ್ರಾರ್ಥನೆ ಮಾಡುವುದನ್ನು ಯಾರೂ ತಡೆದಿಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರ 14ನೇ ಸೆಕ್ಷನ್ ಪ್ರಕಾರ ರೋಗಿ ತನ್ನ ಪ್ರತಿನಿಧಿಯಾಗಿ ತನಗೆ ಬೇಕಾದ ವಯಸ್ಕರನ್ನು ಹೆಸರಿಸಬಹುದು, ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಸ್ಟಾಂಪ್ ಪೇಪರು ಬೇಡ. ಬಿಳಿ ಹಾಳೆಯ ಮೇಲೆ ಹೆಸರು ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು.