ಅದು ಕೊಬ್ಬಲ್ಲ

ನಿನ್ನೆ ರಾತ್ರಿ ಮನೆಯಲ್ಲಿ ಐದಾರು ಜನ ಕೂತು ‘ಗರ್ಲ್, ಇಂಟರಪ್ಟೆಡ್’ ನೋಡಿದೆವು. ಸಿನಿಮಾ ಮುಗಿದು ಇನ್ನೂ ಲೈಟ್ ಹಾಕಿರಲಿಲ್ಲ, ಒಬ್ಬರು ಅಂದರು: “ಆ ಹುಡುಗಿಗೆ ಏನ್ರೀ ಆಗಿದೆ? ದುಡ್ಡಿರೋರ ಮನೆ ಕೊಬ್ಬು, ಅಷ್ಟೇ.” ಮಿಕ್ಕವರು ಹೌದೆಂದು ತಲೆಯಾಡಿಸಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1999ರ ಸಿನಿಮಾ ಅದು. ಅಮೆರಿಕದ ಲೇಖಕಿ ಸುಸಾನಾ ಕೇಸನ್ ತಮ್ಮದೇ ಬದುಕಿನ ಬಗ್ಗೆ ಬರೆದ ಪುಸ್ತಕ ಅದಕ್ಕೆ ಆಧಾರ. 1967ರಲ್ಲಿ, 18ನೇ ವಯಸ್ಸಿನಲ್ಲಿ, ಅದೇ ಮೊದಲು ನೋಡಿದ ಡಾಕ್ಟರೊಬ್ಬರು ಆಕೆಯನ್ನು ಟ್ಯಾಕ್ಸಿ ಹತ್ತಿಸಿ ಮ್ಯಾಕ್‌ಲೀನ್ ಮಾನಸಿಕ ಆಸ್ಪತ್ರೆಗೆ ಕಳಿಸಿಬಿಟ್ಟರು. ಸುಮಾರು ಎರಡು ವರ್ಷ ಅಲ್ಲೇ ಕಳೆಯಿತು. ಫೈಲಿನಲ್ಲಿದ್ದ ಕಾಯಿಲೆಯ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳು ಒಂದು ಹದದಲ್ಲಿ ನಿಲ್ಲದ ಮನಸ್ಸಿನ ಕಾಯಿಲೆ.

ನೋಡಿದವರಿಗೆಲ್ಲ ನೆನಪಿರುವುದು ಅದೇ ವಾರ್ಡಿನ ಇನ್ನೊಬ್ಬ ರೋಗಿ, ಏಂಜಲೀನಾ ಜೋಲಿಯ ಲೀಸಾ. ಆಸ್ಕರ್ ಬಂದದ್ದೂ ಆಕೆಗೇ. ಕಿರುಚಬೇಕು, ಓಡಿಹೋಗಬೇಕು, ಆಗ ಮಾತ್ರ ನಾವು ಕಾಯಿಲೆ ಅಂತ ಒಪ್ಪುತ್ತೇವೆ. ವಿನೋನಾ ರೈಡರ್‌ಳ ಸುಸಾನಾ ಸಿಗರೇಟು ಸೇದುತ್ತ, ನೋಟ್‌ಬುಕ್ಕಿನಲ್ಲಿ ಬರೆಯುತ್ತ ಕೂರುತ್ತಾಳೆ. ತಾನು ಯಾರೆಂಬುದೇ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ದೇವರಂತೆ ಕಂಡವರು ಸಂಜೆಗೆ ಶತ್ರು. ಎಲ್ಲರೂ ಬಿಟ್ಟುಹೋಗುತ್ತಾರೆಂಬ ಭಯ. ಒಳಗೆಲ್ಲ ಖಾಲಿ. ಈ ಕಾಯಿಲೆ ಇರುವುದು ಹೀಗೆ, ಹೊರಗೆ ನಿಂತವರಿಗೆ ಮಾತ್ರ ಹಟ ಅಂತ ಕಾಣುತ್ತದೆ.

ನಮಗೆ ‘ಶರಪಂಜರ’ದ ಕಾವೇರಿ ಗೊತ್ತು. ಅವಳಿಗೆ ವಾಸಿಯಾಯಿತು ಅಂತ ಯಾರೂ ನಂಬಲಿಲ್ಲ. ಸುಸಾನಾಳಂಥವರಿಗೆ ಕಾಯಿಲೆ ಇದೆ ಅಂತಲೇ ಯಾರೂ ನಂಬುವುದಿಲ್ಲ.

ಬಾರ್ಡರ್‌ಲೈನ್ ಎಂಬ ಈ ಹೆಸರನ್ನು ಹೆಣ್ಣುಮಕ್ಕಳ ಮೇಲೆ ಸುಲಭವಾಗಿ ಅಂಟಿಸಿದರು ಅನ್ನುವ ವಾದವಿದೆ. ನಿಜವೇ. ಸ್ವತಃ ಕೇಸನ್ ಪುಸ್ತಕದಲ್ಲಿ ಅದನ್ನು ಕೆದಕುತ್ತಾರೆ: ಹುಡುಗಿಯನ್ನು ಚೆಲ್ಲು ಅನ್ನಲು ಎಷ್ಟು ಜನ ಗಂಡಸರು ಬೇಕು, ಹುಡುಗನಿಗೆ ಅದೇ ಲೆಕ್ಕವೇ ಅಂತ. ಆದರೆ ಅದು ಆ ವಾರ್ಡಿನೊಳಗೆ ಇದ್ದು ಬಂದವಳ ಪ್ರಶ್ನೆ. ಸೋಫಾ ಮೇಲೆ ಕೂತು ‘ಕೊಬ್ಬು’ ಅನ್ನುವವರು ಅದನ್ನು ಎರವಲು ತರುವುದು ಬೇಡ. ಈ ಕಾಯಿಲೆಗೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯನ್ನು ರೂಪಿಸಿದ ಮಾರ್ಷಾ ಲೈನ್‌ಹನ್ 1961ರಲ್ಲಿ, 17ರ ಹುಡುಗಿಯಾಗಿದ್ದಾಗ, ತಾವೇ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವರು. ಅದನ್ನು ಲೋಕದೆದುರು ಹೇಳಿಕೊಂಡದ್ದು 2011ರಲ್ಲಿ. ಅಷ್ಟು ದೊಡ್ಡ ಮನಶ್ಶಾಸ್ತ್ರಜ್ಞೆಗೇ 50 ವರ್ಷ ಬಾಯಿ ಬರಲಿಲ್ಲ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತ ಹತ್ತಿರದವರಿಗೆ ಗೊತ್ತು. ಚಿಕ್ಕಮ್ಮನ ಮಗಳು ಮೇ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಕುರ್ತಾ ಹಾಕುತ್ತಿದ್ದಳು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, “ಅಕ್ಕಾ, ನನ್ ಮೇಲೆ ಬೇಜಾರಾ?” ಅಂತ ಕೇಳುತ್ತಿದ್ದಳು. ಒಂದು ದಿನ ನಾನು, “ನಿನ್ ನಾಟಕ ಸಾಕು ಮಾಡು, ನಂಗೆ ಬೆಳಿಗ್ಗೆ ಕೆಲಸ ಇದೆ” ಅಂತ ಫೋನಿಟ್ಟೆ. ಹೌದು, ನಾನೇ. ಆ ವಾರವೇ ಅವಳು ಆಸ್ಪತ್ರೆ ಸೇರಿದಳು. ಉಳಿದಳು. ಕಾಯಿಲೆಯ ಹೆಸರು ಗೊತ್ತಾಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ನೆಂಟರು ಹೋದ ಮೇಲೆ ಅವಳಿಗೆ ಫೋನ್ ಮಾಡಿದೆ. ಅವಳೂ ಆ ಸಿನಿಮಾ ನೋಡಿದ್ದಳು. ನರ್ಸ್ ವ್ಯಾಲರಿ ಸುಸಾನಾಳನ್ನು ಸೋಮಾರಿ, ನಿನ್ನ ಹುಚ್ಚು ನೀನೇ ತಂದುಕೊಂಡದ್ದು ಅಂತ ಬೈಯುವ ದೃಶ್ಯ ಬಂದಾಗ ಟಿವಿ ಆಫ್ ಮಾಡಿದಳಂತೆ. ಆ ಮಾತನ್ನು ಇಡೀ ಸಿನಿಮಾದಲ್ಲೇ ಒಳ್ಳೆಯವಳಾದ ಹೆಂಗಸಿನ ಬಾಯಲ್ಲಿ ಆಡಿಸಿದ್ದಾರಲ್ಲ, ಅದು ನನಗೂ ಸಹಿಸಲಾಗಲಿಲ್ಲ.

“ಬೈದ್ರೆ ವಾಸಿಯಾಗೋ ಹಾಗಿದ್ರೆ ನಾನು ಹೈಸ್ಕೂಲಲ್ಲೇ ವಾಸಿಯಾಗ್ತಿದ್ದೆ ಅಕ್ಕಾ,” ಅಂದಳು.