ಗೋಳಿಬಜೆ ವಲಯ

ಕೆಲಸ ಸಿಕ್ಕಿದ ವಾರ ಚಿಕ್ಕಮ್ಮ ಕೇಳಿದರು, "ಎಂತ ಕೆಲಸ ಮಗಾ?"

"ವಿಜ್ಞಾನ ನೀತಿ ವಿಶ್ಲೇಷಕ ಚಿಕ್ಕಮ್ಮ. ಸರ್ಕಾರದ್ದು. ಗುತ್ತಿಗೆ, 11 ತಿಂಗಳು."

ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಓ, ಮೊರಲ್ ಸೈನ್ಸ್ ಟೀಚರಾ?" ಅಂದರು.

ಮಂಗಳೂರು ಕಾನ್ವೆಂಟ್ ಶಾಲೆಗಳ ಊರು. ವಿಜ್ಞಾನ, ನೀತಿ ಎರಡೂ ಒಟ್ಟಿಗೆ ಬಂದರೆ ಇಲ್ಲಿ ಬೇರೆ ಎಂತ ನೆನಪಾಗಬೇಕು? ಅಲ್ಲ ಅಂತ ಬಿಡಿಸಿ ಹೇಳಲು ಹೊರಟೆ. ಹೌದು ಅಂದುಬಿಡಬೇಕಿತ್ತು. ಮೊರಲ್ ಸೈನ್ಸ್ ಟೀಚರ್ ಹೇಳಿದ್ದನ್ನು ಮಕ್ಕಳು ಪರೀಕ್ಷೆಯಲ್ಲಾದರೂ ಬರೆಯುತ್ತಾರೆ.

ನೀತಿಗೆ ನಮ್ಮ ದೇಶದಲ್ಲಿ ಯಾವತ್ತೂ ಬರ ಬಂದದ್ದಿಲ್ಲ. ವಿಜ್ಞಾನಕ್ಕೆ ಅಂತಲೇ 1958ರಲ್ಲಿ ಒಂದು ಬಂತು. ಮತ್ತೆ 1983, 2003, 2013. 2020ರಲ್ಲಿ ಐದನೆಯದರ ಕರಡು. ಸಂಶೋಧನೆಗೆ ಜಿಡಿಪಿಯ ಶೇ 2ರಷ್ಟು ಹಣ ಅನ್ನುವ ಮಾತು 2003ರದ್ದರಲ್ಲೂ ಉಂಟು, 2013ರದ್ದರಲ್ಲೂ ಉಂಟು. 2020-21ರಲ್ಲಿ ಖರ್ಚಾದದ್ದು ಶೇ 0.64. ಉಳಿದದ್ದು ನೀತಿಯಲ್ಲಿ ಭದ್ರವಾಗಿದೆ.

ನನ್ನ ಕೈಗೆ ಬಂದ ಮೊದಲ ಫೈಲು ಕಡಲ್ಕೊರೆತದ್ದು. ಇದು ನಮ್ಮಲ್ಲಿ ಜೂನ್‌ನ ಹಬ್ಬ. ಉಳ್ಳಾಲದಲ್ಲೋ ಉಚ್ಚಿಲದಲ್ಲೋ ನಾಲ್ಕು ತೆಂಗಿನಮರ ಬೀಳುತ್ತವೆ. ರೈನ್‌ಕೋಟ್ ಹಾಕಿಕೊಂಡು ಮಂತ್ರಿಗಳು ಬರುತ್ತಾರೆ. "ಶಾಶ್ವತ ಪರಿಹಾರ" ಘೋಷಣೆಯಾಗುತ್ತದೆ. ಮರುವರ್ಷ ಮತ್ತೊಂದು ಶಾಶ್ವತ ಪರಿಹಾರ. ಪರಿಹಾರ ಅಂದರೆ ಕಲ್ಲು. ಲಾರಿಗಟ್ಟಲೆ ಕಗ್ಗಲ್ಲು ತಂದು ದಡಕ್ಕೆ ಸುರಿಯುವುದು. ಬೇಸಿಗೆಯಲ್ಲಿ ಕಡಲು ಸುಮ್ಮನಿರುತ್ತದೆ, ಆಗ ಫೈಲು ಓಡಾಡುತ್ತದೆ. ಕಡಲು ಕೆರಳಿದ ಮೇಲೆ ಅದು "ತುರ್ತು ಕಾಮಗಾರಿ". ಹಾಕಿದ ಕಲ್ಲು ಎಲ್ಲಿ ಅಂತ ಕೇಳಿದರೆ ಕಡಲಿನತ್ತ ಕೈ ತೋರಿಸಿದರಾಯಿತು. ಮುಳುಗಿ ಎಣಿಸಲು ಆಡಿಟಿನವರಿಗೆ ಈಜು ಬರಬೇಕಲ್ವಾ?

ನಾನು ಹೊಸಬ. ಹುರುಪು ಜಾಸ್ತಿ. ನಿಜವಾಗಿಯೂ ಕಾರಣ ಹುಡುಕಿದೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಲ್ಲಿ ದೋಣಿಗಳಿಗಾಗಿ ಕಡಲೊಳಕ್ಕೆ ಚಾಚಿದ ಕಲ್ಲುಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದ್ದಾರೆ. ದಡದುದ್ದಕ್ಕೂ ಸಾಗುವ ಮರಳು ಅಲ್ಲಿ ಅಡ್ಡ ಬೀಳುತ್ತದೆ. ನದಿ ತರುವ ಮರಳಿಗೆ ಮೇಲೆ ಅಣೆಕಟ್ಟು ಅಡ್ಡ. ಬಾಕಿಯದ್ದನ್ನು ಲಾರಿಯವರು ತೆಗೆಯುತ್ತಾರೆ. ಇನ್ನು ದಡಕ್ಕೆ ಸುರಿದ ಕಲ್ಲಿನ ತಡೆಗೋಡೆ. ಅದಕ್ಕೆ ಬಡಿದ ಅಲೆ ಹಿಂದೆ ಹೋಗುವಾಗ ಬುಡದ ಮರಳನ್ನೇ ಕೆರೆದುಕೊಂಡು ಹೋಗುತ್ತದೆ. ಕಲ್ಲು ಕುಸಿಯುತ್ತದೆ. ಗೋಡೆ ಮುಗಿದಲ್ಲಿಂದ ಪಕ್ಕದ ಊರಿನ ಕೊರೆತ ಶುರು.

ಇದನ್ನೆಲ್ಲ 84 ಪುಟ ಬರೆದೆ. ಬರೆಯುವ ಮೊದಲು ಉಚ್ಚಿಲದಲ್ಲಿ ಮೀನು ಮಾರುವ ಒಬ್ಬರು ಅಜ್ಜಿಯ ಹತ್ತಿರ ಮಾತಾಡಿದ್ದೆ. "ಮಳೆಗಾಲದಲ್ಲಿ ಕಡಲು ಮರಳು ಸಾಲ ತಗೊಳ್ತದೆ, ದೀಪಾವಳಿ ಹೊತ್ತಿಗೆ ವಾಪಸ್ ತಂದು ಹಾಕ್ತದೆ. ನೀವು ಮಧ್ಯ ಕಲ್ಲು ಹಾಕಿದ್ರೆ ಎಲ್ಲಿಗೆ ತಂದು ಹಾಕುದು?" ಅಂದರು. ನನ್ನ 3ನೇ ಅಧ್ಯಾಯ ಅಷ್ಟೇ. ಆಮೇಲೆ ಅವರು, "ಇದನ್ನು ಕೇಳ್ಲಿಕ್ಕೆ ನಿಂಗೆ ತಿಂಗಳಿಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದರು. ಅದನ್ನು ವರದಿಗೆ ಸೇರಿಸಲಿಲ್ಲ.

ಸಾಹೇಬರು 84 ಪುಟವನ್ನು ಕೈಯಲ್ಲಿ ತೂಗಿ ನೋಡಿದರು. "ಚೆನ್ನಾಗಿದೆ ಮಾರಾಯ್ರೆ, ಒಂದು ಪುಟ ಮಾಡಿ." ಮಾಡಿದೆ. ಬೆಂಗಳೂರಿನಿಂದ, "ಒಂದು ಸಾಲು ಸಾಕು." ಬರೆದೆ: "ಕಲ್ಲು ಹಾಕಿದರೆ ಕೊರೆತ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ." ಅವರ ತಖ್ತೆಯ ಕಾಲಂ ಸಣ್ಣದಿತ್ತು. "ಕಲ್ಲು ಹಾಕಿದರೆ ಕೊರೆತ ನಿಲ್ಲುತ್ತದೆ" ಅನ್ನುವಷ್ಟು ಹಿಡಿಯಿತು. ಕನ್ನಡದಲ್ಲಿ 'ಇಲ್ಲ' ಬರುವುದು ಕೊನೆಗೆ. ಜಾಗ ಸಾಲದಿದ್ದರೆ ಮೊದಲು ಹೋಗುವುದೂ ಅದೇ.

ಇನ್ನು ಎಲ್ಲಿ ಹಾಕುವುದು ಅಂತ ಸಭೆ. ಮೇಜಿನ ಮೇಲೆ ನನ್ನ ನಕ್ಷೆ ಹಾಸಿತ್ತು. ಅದರ ಮೇಲೆ ಗೋಳಿಬಜೆಯ ತಟ್ಟೆ, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಬಿಸಿ ಗೋಳಿಬಜೆ, ಒಳ್ಳೆಯದೇ ಇತ್ತು, ಸುಳ್ಳು ಹೇಳಬಾರದು. ಯಾರೋ ಒಂದನ್ನು ನಕ್ಷೆಯ ಮೇಲೇ ಇಟ್ಟು ಫೋನ್ ತೆಗೆದರು. ಐದು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ಅಟೆಂಡರ್ ಅಣ್ಣ ಅದನ್ನೇ 12 ಪ್ರತಿ ಜೆರಾಕ್ಸ್ ಮಾಡಿದರು. ಜೆರಾಕ್ಸಿನಲ್ಲಿ ಕಲೆ ಕಪ್ಪಗೆ, ದುಂಡಗೆ, ಬಹಳ ಗಂಭೀರವಾಗಿ ಬಂತು.

ಮುಂದಿನ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಅದರ ಮೇಲೆ ಬೆರಳಿಟ್ಟರು. "ಈ ಅಪಾಯ ವಲಯವನ್ನು ಯಾಕೆ ಯಾರೂ ಹೇಳಲಿಲ್ಲ?"

"ಸಾರ್, ಅದು ಗೋಳಿಬಜೆ."

"ಹೆಸರು ಏನೇ ಇರಲಿ. ಮೊದಲು ಅಲ್ಲಿ ಹಾಕಿ."

ನಡಾವಳಿಯಲ್ಲಿ "ತಜ್ಞರು ಗುರುತಿಸಿದ ಅತಿಸೂಕ್ಷ್ಮ ಪ್ರದೇಶ" ಅಂತ ಬಂತು. ತಜ್ಞ ನಾನೇ. ನಾನು ಸ್ಥಳಕ್ಕೆ ಹೋಗಿ ನೋಡಿದೆ. ಅದು ಪಾದೆಕಲ್ಲಿನ ಜಾಗ. ಇಡೀ ಬಂಡೆ. ಅದನ್ನು ಕೊರೆಯಲು ಕಡಲಿಗೂ ಇನ್ನೊಂದು ಯುಗ ಬೇಕು. ಟಿಪ್ಪಣಿ ಬರೆದು ಮಂಡಿಸಿದೆ. "ಚರ್ಚಿಸಿ" ಅಂತ ಷರಾ ಬಂತು. ಯಾರ ಹತ್ತಿರ ಅಂತ ಬರೆದಿರಲಿಲ್ಲ. ಚರ್ಚೆ ಮುಗಿಯುವ ಮೊದಲು ಲಾರಿ ಬಂತು. ಜುಲೈಯ ಜಡಿಮಳೆಯಲ್ಲಿ, ರಾಹುಕಾಲ ಕಳೆಯಲಿ ಅಂತ ಒಂದೂವರೆ ಗಂಟೆ ಕಾದು, ತೆಂಗಿನಕಾಯಿ ಒಡೆದು, ಬಂಡೆಯ ಮೇಲೆ ಕಲ್ಲು ಸುರಿದರು.

ಎರಡು ಮಳೆಗಾಲ ಆಯಿತು. ಅಲ್ಲಿ ಒಂದಿಂಚೂ ಕೊರೆತ ಆಗಿಲ್ಲ. ಒಂದು ಕಲ್ಲೂ ಅಲುಗಿಲ್ಲ. ನಮ್ಮ ಕಚೇರಿ ಹಾಕಿಸಿದ್ದರಲ್ಲಿ ನಿಂತ ಗೋಡೆ ಅದೊಂದೇ. ಫೋಟೋ ತೆಗೆದು ಚೌಕಟ್ಟು ಹಾಕಿಸಿದ್ದಾರೆ. ಬೆಂಗಳೂರಿನಲ್ಲಿ "ವಿಜ್ಞಾನಾಧಾರಿತ ಯಶೋಗಾಥೆ" ಅಂತ ಮಂಡಿಸಬೇಕಂತೆ, ಅದಕ್ಕೆ ನನ್ನ ಗುತ್ತಿಗೆಯನ್ನು ಇನ್ನೊಂದು 11 ತಿಂಗಳು ಮುಂದುವರಿಸಿದ್ದಾರೆ.

ಬುಧವಾರ ಮತ್ತೆ ಸಭೆ. ಈ ಸಲ ಬನ್ಸ್ ಹೇಳಿದ್ದಾರೆ. ಬನ್ಸಿಗೆ ಎಣ್ಣೆ ಜಾಸ್ತಿ, ಸೈಜೂ ದೊಡ್ಡದು. ನಕ್ಷೆಗೆ ಲ್ಯಾಮಿನೇಷನ್ ಮಾಡಿಸಲು 60 ರೂಪಾಯಿ ಮಂಜೂರು ಮಾಡಿ ಅಂತ ಟಿಪ್ಪಣಿ ಹಾಕಿದ್ದೆ. ನಿನ್ನೆ ವಾಪಸ್ ಬಂತು: "ತಜ್ಞರ ಅಭಿಪ್ರಾಯ ಪಡೆದು ಮರುಮಂಡಿಸಿ."