90 ದಿನ ಆದರೆ ಬೇಲ್ ತಾನಾಗಿ ಬರುವುದಿಲ್ಲ

ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಕೊಲೆ ಕೇಸಾದರೂ 90 ದಿನ ಜೈಲಲ್ಲಿದ್ದರೆ ಬೇಲ್ ಗ್ಯಾರಂಟಿ, ಬೇಲ್ ಸಿಕ್ಕರೆ ಕೇಸೂ ಬಿದ್ದಂತೆ. ಎರಡೂ ತಪ್ಪು.

90 ದಿನದ ಮಾತು ಪೂರ್ತಿ ಸುಳ್ಳಲ್ಲ. ಎಡವಟ್ಟಾಗಿರುವುದು ಅಲ್ಲೇ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಪ್ರಕಾರ, ಕೊಲೆಯಂಥ ಕೇಸಿನಲ್ಲಿ ಪೊಲೀಸರು 90 ದಿನದೊಳಗೆ ತನಿಖೆ ಮುಗಿಸಿ ಕೋರ್ಟಿಗೆ ಆರೋಪಪಟ್ಟಿ, ಅಂದರೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಬೇಲ್ ಪಡೆಯುವ ಹಕ್ಕು ಬರುತ್ತದೆ. ಲೆಕ್ಕ ಶುರುವಾಗುವುದು ಅರೆಸ್ಟ್ ಆದ ದಿನದಿಂದಲ್ಲ, ಮ್ಯಾಜಿಸ್ಟ್ರೇಟ್ ರಿಮಾಂಡ್ ಕೊಟ್ಟ, ಅಂದರೆ ಆರೋಪಿಯನ್ನು ಕಸ್ಟಡಿಗೆ ಕಳಿಸಿದ ದಿನದಿಂದ. 85ನೇ ದಿನ ಚಾರ್ಜ್‌ಶೀಟ್ ಬಂತು ಅನ್ನಿ, ಆ ಬಾಗಿಲು ಮುಚ್ಚಿತು. ಬರದಿದ್ದರೂ ಅರ್ಜಿ ಹಾಕಲೇಬೇಕು. ಸುಮ್ನೆ ಕೂತರೆ, 92ನೇ ದಿನ ಚಾರ್ಜ್‌ಶೀಟ್ ಬಂದು ಹಕ್ಕು ಕೈತಪ್ಪುತ್ತದೆ.

ಆಮೇಲೆ ಉಳಿಯುವುದು ಮಾಮೂಲಿ ಬೇಲ್ ಅರ್ಜಿ. ಮೊದಲು ಮಂಡ್ಯದ ಸೆಷನ್ಸ್ ಕೋರ್ಟು, ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೈಕೋರ್ಟು. ಜಡ್ಜ್ ನೋಡುವುದು ಇಷ್ಟು: ಆರೋಪ ಎಷ್ಟು ಗಂಭೀರ, ಮೇಲ್ನೋಟಕ್ಕೆ ಸಾಕ್ಷ್ಯ ಏನಿದೆ, ಈತ ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ. ಹಳ್ಳಿ ಕೇಸುಗಳಲ್ಲಿ ಈ ಕೊನೆಯ ಪ್ರಶ್ನೆಯೇ ಜಾಸ್ತಿ ತೂಗಬೇಕು ಅನ್ನುವುದು ನನ್ನ ಅನಿಸಿಕೆ. ಆರೋಪಿ, ಸಾಕ್ಷಿ ಇಬ್ಬರೂ ಒಂದೇ ಬೀದಿಯವರು, ಒಂದೇ ನಾಲೆಯಿಂದ ಗದ್ದೆಗೆ ನೀರು ಹಾಯಿಸುವವರು, ಅಲ್ವಾ? ಅದಕ್ಕೇ ಕೆಲವೊಮ್ಮೆ ಊರಿನ ಕಡೆ ಕಾಲಿಡಬಾರದು ಅಂತ ಷರತ್ತು ಹಾಕುತ್ತಾರೆ.

ಇನ್ನು, ಬೇಲ್ ಅಂದರೆ ಖುಲಾಸೆ ಅಲ್ಲ. ಪಹಣಿ ಹಿಡಿದು ಬಂದ ನೆಂಟ ಜಾಮೀನಿಗೆ ಸಹಿ ಹಾಕುವುದು "ಈತ ವಿಚಾರಣೆಗೆ ಬರುತ್ತಾನೆ" ಅನ್ನುವುದಕ್ಕೆ, "ತಪ್ಪು ಮಾಡಿಲ್ಲ" ಅನ್ನುವುದಕ್ಕಲ್ಲ. ಷರತ್ತು ಮುರಿದರೆ ಬೇಲ್ ರದ್ದಾಗಿ ಮತ್ತೆ ಜೈಲು ಸೇರಬೇಕಾಗಬಹುದು.